ನೀರು ಕುಡಿಯುವ ಗೋಡೆ, ನೀರಿನಲ್ಲಿ ಜಾರುವ ಚಿತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಸೆ ಚಿತ್ತಾರದ ಮಾತು ಬಂದರೆ ಅದರ ಬೆನ್ನಿಗೇ ಒಂದು ದೂರೂ ಬರುತ್ತದೆ: ಸ್ಟಿಕ್ಕರ್ ಬಂತು, ಕೈಕೆಲಸ ಹೋಯಿತು. ಅಚ್ಚಾದ ಚಿತ್ರ ಅಂಗಡಿಯಲ್ಲೇ ಸಿಗುವಾಗ ಕೂತು ಬರೆಯುವವರು ಯಾರು ಎಂಬುದು ದೂರಿನ ತಿರುಳು. ಕೇಳಲು ಸರಿಯೆನಿಸುವ ಮಾತು. ಆದರೆ ಯಾವುದು ಮೊದಲು ಬಂತು, ಯಾವುದು ಆಮೇಲೆ ಹೋಯಿತು ಎಂದು ಹಿಡಿದು ನೋಡುತ್ತ ಹೋದರೆ ಈ ದೂರು ನಿಲ್ಲುವುದಿಲ್ಲ. ಅಂಟಿಸುವ ಚಿತ್ರ ಈ ಮೂರು ತಾಲ್ಲೂಕುಗಳಿಗೆ ಬಂದದ್ದು ಬಹಳ ಹಿಂದೆ. ಹೊಲಿಗೆ ಯಂತ್ರದ ಮೈಮೇಲೆ, ಸೈಕಲ್ಲಿನ ಕೊಳವೆಯ ಮೇಲೆ ಅದು ಕೂತಿದ್ದಾಗ ಪಕ್ಕದ ಮನೆಯ ಗೋಡೆಯಲ್ಲಿ ಚಿತ್ತಾರ ಪ್ರತಿ ವರ್ಷ ಹೊಸದಾಗುತ್ತಲೇ ಇತ್ತು. ಎರಡೂ ಎಷ್ಟೋ ದಶಕ ಒಂದೇ ಊರಿನಲ್ಲಿ ತಂಟೆ ತಕರಾರಿಲ್ಲದೆ ಬಾಳಿವೆ. ಹಾಗಿದ್ದರೆ ಗೋಡೆಯ ಚಿತ್ರವನ್ನು ಓಡಿಸಿದ್ದು ಯಾವುದು? ಚಿತ್ರ ಕೂರುವ ಮೈ ಬದಲಾದದ್ದು ಎಂಬುದು ನನ್ನ ವಾದ. ಮಣ್ಣು, ಗಾರೆ, ಮರ, ಲೋಹ ಇವುಗಳಲ್ಲಿ ಪ್ರತಿಯೊಂದೂ ತನಗೆ ಒಗ್ಗುವ ಚಿತ್ರವನ್ನೇ ಬೇಡುತ್ತದೆ. ಇಂದು ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಏರ್‌ಬ್ರಶ್ ಹಿಡಿದು ಬಣ್ಣ ಊದುವವನು ನಡುವೆ ಒಂದು ನೀರಿನ ಡೆಕಾಲ್ (ನೀರಿನಲ್ಲಿ ಅದ್ದಿ ಕಾಗದದಿಂದ ಜಾರಿಸಿ ಕೂರಿಸುವ ಅಚ್ಚಿನ ಚಿತ್ರ) ಇಳಿಸಿ ಮೇಲೆ ಕ್ಲಿಯರ್ ಕೋಟ್ ಹೊಡೆಯುವ ಕೆಲಸವನ್ನು ಅರ್ಥ ಮಾಡಿಕೊಳ್ಳಲಿಕ್ಕೂ ಈ ಮೈಗಳ ಚರಿತ್ರೆಯೇ ದಾರಿ.

ಹಸೆಯಿಂದಲೇ ಶುರು ಮಾಡಬೇಕು. ಸಾಗರ, ಸೊರಬ, ಸಿದ್ದಾಪುರ, ಶಿರಸಿ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಈ ಚಿತ್ತಾರದ ಸಾಮಗ್ರಿಯೆಲ್ಲ ಮನೆಯ ಸುತ್ತಲಿನದು. ಕೆಮ್ಮಣ್ಣು ಬಳಿದ ಗೋಡೆಯೇ ಹಿನ್ನೆಲೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಸೀದು ಕರಿಯಾಗುವವರೆಗೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಮದುವೆಯ ದಿನ ಮದುಮಕ್ಕಳು ಹಸೆಮಣೆಯ ಮೇಲೆ ಕೂರುವಾಗ ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಈ ಚಿತ್ತಾರ ಇರಬೇಕು. ಎಳೆಯ ಮೇಲೆ ಎಳೆ, ಚೌಕದೊಳಗೆ ಚೌಕ, ನಡುವೆ ತ್ರಿಕೋನದ ಮೈಯ ಗಂಡು ಹೆಣ್ಣು. ಇದನ್ನು ನೋಡಿದವರು ರೇಖೆಯ ನಿಖರತೆಯನ್ನು ಹೊಗಳುತ್ತಾರೆ. ಗೋಡೆಯನ್ನು ಹೊಗಳುವವರು ಕಡಿಮೆ. ಅಕ್ಕಿಹಿಟ್ಟಿನ ನೀರಿನಲ್ಲಿ ಅಂಟಿನ ಅಂಶ ಅಷ್ಟಿಷ್ಟೇ. ಎಳೆ ನಿಲ್ಲುವುದು ಮಣ್ಣಿನ ಗೋಡೆ ಆ ನೀರನ್ನು ತಕ್ಷಣ ಕುಡಿದುಬಿಡುತ್ತದೆ ಎಂಬ ಕಾರಣಕ್ಕೆ. ನೀರು ಒಳಗೆ ಹೋಗುತ್ತದೆ, ಹಿಟ್ಟಿನ ಕಣ ಮೇಲಿನ ಮಣ್ಣಿನ ಒರಟಿನಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಕುಂಚ ಎತ್ತುವ ಮೊದಲೇ ಎಳೆಯ ಅಂಚು ಗಟ್ಟಿಯಾಗುವುದರಿಂದ ಪಕ್ಕದಲ್ಲೇ ಇನ್ನೊಂದು ಎಳೆ ಎಳೆಯಬಹುದು. ಇದೇ ಹಿಟ್ಟನ್ನು ಎಮಲ್ಷನ್ ಬಳಿದ ಗೋಡೆಗೆ ಹಚ್ಚಿ ನೋಡಿ: ಹನಿಯಾಗಿ ಜಾರುತ್ತದೆ, ಇಲ್ಲವೇ ಒಣಗಿ ಬಿರಿದು ಸಿಪ್ಪೆಯಾಗಿ ಉದುರುತ್ತದೆ. ಹಾಗಾಗಿ ಆ ಚಿತ್ತಾರದ ಅರ್ಧ ಕೆಲಸವನ್ನು ಗೋಡೆಯೇ ಮಾಡುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಮಣ್ಣಿನ ಮೈಗೆ ಇನ್ನೊಂದು ಗುಣವಿದೆ. ಅದು ಬಾಳುವುದಿಲ್ಲ. ಘಟ್ಟದ ಮೇಲಿನ ಮಳೆ ನಾಲ್ಕು ತಿಂಗಳು ಹೊಡೆದ ಮೇಲೆ ಗೋಡೆಯ ತಳ ಕರಗಿರುತ್ತದೆ, ಮೇಲೆ ಹಸಿರು ಹಾವಸೆ ಏರಿರುತ್ತದೆ. ಮಳೆ ಬಿಟ್ಟ ಕೂಡಲೇ ಮೆತ್ತಿ, ಸಾರಿಸಿ, ಕೆಮ್ಮಣ್ಣು ಬಳಿದು, ಶೇಡಿ ಎಂಬ ಬಿಳಿ ಮಣ್ಣಿನಲ್ಲಿ ಬರೆಯುವ ಕೆಲಸ ಮತ್ತೆ ಮೊದಲಿನಿಂದ. ದೀಪಾವಳಿಯ ಹೊತ್ತಿಗೆ ಮನೆಯೂ ಕೊಟ್ಟಿಗೆಯೂ ಹೊಸ ಬಣ್ಣ ಹೊತ್ತಿರಬೇಕು ಎಂಬ ಪದ್ಧತಿ ಹುಟ್ಟಿದ್ದು ಅಂದದ ಆಸೆಯಿಂದ ಮಾತ್ರವಲ್ಲ, ಗೋಡೆಯ ಅಗತ್ಯದಿಂದ. ಅದೇ ಹಬ್ಬಕ್ಕೆ ದನಗಳ ಮೈಮೇಲೆ ಅಳತೆಯ ಸಿದ್ದೆಯ ಅಥವಾ ಲೋಟದ ಬಾಯನ್ನು ಕೆಮ್ಮಣ್ಣಿನಲ್ಲಿ, ಶೇಡಿಯಲ್ಲಿ ಅದ್ದಿ ಉಂಗುರ ಒತ್ತುತ್ತಾರೆ. ಅಲ್ಲಿ ಯಾರೂ ಕುಂಚ ಹಿಡಿಯುವುದಿಲ್ಲ, ಅಲುಗಾಡುವ, ಕೂದಲಿರುವ ಮೈಗೆ ಅಚ್ಚೇ ಸರಿ ಎಂದು ಎಲ್ಲರಿಗೂ ಗೊತ್ತು. ಗೋಡೆಗೆ ಎಳೆ, ದನಕ್ಕೆ ಅಚ್ಚು. ಒಂದೇ ಮನೆಯವರು, ಒಂದೇ ಬಣ್ಣ, ಒಂದೇ ಹಬ್ಬ. ಬರೆಯುವುದು ಮೇಲು, ಒತ್ತುವುದು ಕೀಳು ಎಂಬ ತರತಮ ಆ ಮನೆಗಳಲ್ಲಿ ಇದ್ದಂತೆ ಕಾಣುವುದಿಲ್ಲ. ಆ ತರತಮ ಆಮೇಲೆ, ಚಿತ್ತಾರವನ್ನು ಚೌಕಟ್ಟಿಗೆ ಹಾಕಿ ಪ್ರದರ್ಶನಕ್ಕೆ ಇಟ್ಟ ಕಾಲದಲ್ಲಿ ಸೇರಿಕೊಂಡದ್ದು.

ಗಾರೆಯ ಮೈ ಬೇರೆಯೇ ಚಿತ್ರ ಬೇಡಿತು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕಾವಿ ಕೆಲಸ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯವರೆಗೂ ತಲುಪಿತ್ತು. ಅದರ ಕ್ರಮ ಹಸೆಗೆ ಪೂರ್ತಿ ತಿರುವುಮುರುವು. ಮೊದಲು ಸುಣ್ಣದ ನುಣುಪು ಗಾರೆ, ಅದರ ಮೇಲೆ ಕೆಂಪು ಕಾವಿಯ ತೆಳು ಪದರ, ಅದು ಇನ್ನೂ ಹಸಿಯಿರುವಾಗಲೇ ಮೊನೆಯಾದ ಉಕ್ಕಿನ ಕಡ್ಡಿಯಿಂದ ಗೀರಿ ಕೆಂಪನ್ನು ತೆಗೆಯುವುದು. ತೆಗೆದ ಕಡೆ ಅಡಿಯ ಬಿಳಿ ಕಾಣುತ್ತದೆ. ಹಸೆಯಲ್ಲಿ ಬಿಳಿಯನ್ನು ಕೆಂಪಿನ ಮೇಲೆ ಇಡುತ್ತಾರೆ, ಕಾವಿಯಲ್ಲಿ ಕೆಂಪನ್ನು ಕಳೆದು ಬಿಳಿಯನ್ನು ಪಡೆಯುತ್ತಾರೆ. ಕಣ್ಣಿಗೆ ಎರಡೂ ಕೆಂಪು ಬಿಳಿಯೇ. ಒಣಗುವಾಗ ಸುಣ್ಣ ಗಾಳಿಯೊಡನೆ ಸೇರಿ ಕಲ್ಲಾಗುತ್ತದೆ, ಬಣ್ಣವನ್ನೂ ತನ್ನೊಳಗೆ ಬಂಧಿಸುತ್ತದೆ. ಆದ್ದರಿಂದ ಕಾವಿಗೆ ಪ್ರತಿ ವರ್ಷದ ಹೊಸತನ ಬೇಕಿರಲಿಲ್ಲ. ಬೇಕಿರಲಿಲ್ಲ ಎಂಬುದೇ ಅದಕ್ಕೆ ಮುಳುವೂ ಆಯಿತು. ಒಂದು ತಲೆಮಾರಿನಲ್ಲಿ ಒಮ್ಮೆ ಬರೆಯುವ ಕೆಲಸವನ್ನು ಕಲಿತವರು ಎಷ್ಟು ಜನ ಇರಲು ಸಾಧ್ಯ? ಕರಾವಳಿಯಲ್ಲೂ ಘಟ್ಟದಲ್ಲೂ ಎಷ್ಟೋ ದೇವಸ್ಥಾನಗಳು ಜೀರ್ಣೋದ್ಧಾರದಲ್ಲಿ ಸಿಮೆಂಟು, ಗ್ರಾನೈಟು ಹೊದ್ದಾಗ ಕಾವಿ ಗೋಡೆಗಳು ಹೋದವು. ಅಲ್ಲಿ ಸ್ಟಿಕ್ಕರಿನ ಪಾತ್ರ ಇಲ್ಲವೇ ಇಲ್ಲ ಎಂಬುದನ್ನು ದೂರು ಹೇಳುವವರು ಗಮನಿಸಬೇಕು.

ಮರದ ಮೈಯದು ಮೂರನೆಯ ಕತೆ, ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಶಿರಸಿ, ಸಿದ್ದಾಪುರ, ಸಾಗರ, ಸೊರಬ, ಕುಮಟಾ, ಹೊನ್ನಾವರಗಳಲ್ಲಿ ನೆಲೆಸಿದ ಗುಡಿಗಾರರನ್ನು ಜಗತ್ತು ಗುರುತಿಸಿದ್ದು ಗಂಧದ ಮರದ ಕೆತ್ತನೆಯಿಂದ. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟದಲ್ಲೂ ಅವರ ಕಸುಬಿನ ಬಗ್ಗೆ ಬರೆದಿದೆ. ಊರಿನವರಿಗೆ ಮಾತ್ರ ಅವರು ಕೆತ್ತುವವರಷ್ಟೇ ಅಲ್ಲ, ಬಣ್ಣ ಹಾಕುವವರು, ಬೆಂಡಿನಲ್ಲಿ ಬಾಸಿಂಗ ಮಾಡುವವರು, ಉತ್ಸವದ ಮೂರ್ತಿ, ವಾಹನಗಳನ್ನು ಸಿಂಗರಿಸುವವರು. ಮರಕ್ಕೆ ಬಣ್ಣ ಹಾಕುವ ಕೆಲಸ ಪದರಗಳ ಕೆಲಸ. ಮರ ಮಣ್ಣಿನಷ್ಟು ಸಮನಾಗಿ ನೀರು ಕುಡಿಯುವುದಿಲ್ಲ. ಎಳೆಯ ಉದ್ದಕ್ಕೆ ಒಂದು ಥರ, ಅಡ್ಡಕ್ಕೆ ಇನ್ನೊಂದು ಥರ ಹೀರುತ್ತದೆ. ಆದ್ದರಿಂದ ಮೊದಲು ಅಂಟು ಬೆರೆಸಿದ ತಳಪೂಸು ಹಾಕಿ ಮರದ ರಂಧ್ರ ಮುಚ್ಚಬೇಕು, ಉಜ್ಜಿ ನುಣುಪು ಮಾಡಬೇಕು, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಎಣ್ಣೆ ಅಥವಾ ಅರಗು. ತಳ, ಬಣ್ಣ, ಮುಚ್ಚಳ ಎಂಬ ಈ ಅನುಕ್ರಮವನ್ನು ಇಂದಿನ ಗ್ಯಾರೇಜಿನ ಪೇಂಟರ್ ಪ್ರೈಮರ್, ಬೇಸ್ ಕೋಟ್, ಕ್ಲಿಯರ್ ಕೋಟ್ ಎಂದು ಕರೆಯುತ್ತಾನೆ. ಹೆಸರು ಬದಲಾಗಿದೆ, ಡಬ್ಬ ಬದಲಾಗಿದೆ, ಕ್ರಮ ಬದಲಾಗಿಲ್ಲ.

ಆ ಪದರಗಳ ನಡುವೆ ಅಂಗಡಿಯಿಂದ ತಂದ ಸಿದ್ಧ ಹೊಳಪನ್ನು ಇಡುವುದೂ ಹೊಸತಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನೇ ನೋಡಿ. ಹಗುರ ಮರವನ್ನು ಕೆತ್ತಿ, ಅದರ ಮೇಲೆ ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂರಿಸಿ ಮಾಡಿದ ಆಭರಣ ಅದು. ಬೇಗಡೆ ಶಿರಸಿಯಲ್ಲಿ ತಯಾರಾಗುತ್ತಿರಲಿಲ್ಲ, ಪೇಟೆಯಿಂದ ಹಾಳೆಯಾಗಿ ಬರುತ್ತಿತ್ತು. ವೇಷದ ಆಭರಣ ಮಾಡುವವನ ಜಾಣತನವೆಲ್ಲ ಆ ಹಾಳೆಯನ್ನು ಎಲ್ಲಿ ಕತ್ತರಿಸಬೇಕು, ಕೆತ್ತನೆಯ ಯಾವ ತಗ್ಗಿಗೆ ಹೇಗೆ ಒತ್ತಬೇಕು, ಅಂಚು ಕಾಣದಂತೆ ಎಲ್ಲಿ ಮಡಚಬೇಕು ಎಂಬುದರಲ್ಲಿತ್ತು. ಬೇಗಡೆ ಬಳಸಿದ್ದಕ್ಕೆ ಅವನನ್ನು ಕಳ್ಳ ಕಸುಬಿನವನು ಎಂದು ಯಾರೂ ಅಂದಿಲ್ಲ. ರಾತ್ರಿಯ ಬೆಳಕಿನಲ್ಲಿ ಕಿರೀಟ ಹೊಳೆಯಬೇಕಿತ್ತು, ಹೊಳೆಯಿತು. ಡೆಕಾಲಿನ ಬಗ್ಗೆ ಇಂದು ಏಳುವ ಮೂಗುಮುರಿತ ಬೇಗಡೆಯ ವಿಷಯದಲ್ಲಿ ಯಾಕೆ ಏಳಲಿಲ್ಲ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಡೆಕಾಲ್ ಎಂಬ ವಸ್ತುವಿನ ಹುಟ್ಟು. ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ಬೇರೊಂದು ಮೈಗೆ ದಾಟಿಸುವ ಯುಕ್ತಿ ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ನಡುವಿಗೆ ದೊಡ್ಡ ಉದ್ಯಮವಾಗತೊಡಗಿತು. 1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್, ಗೈ ಗ್ರೀನ್ ಎಂಬಿಬ್ಬರು ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಪಿಂಗಾಣಿ ಬಿಲ್ಲೆಗಳಿಗೆ ಚಿತ್ರ ಇಳಿಸಿದೆವು ಎಂದು ಪ್ರಮಾಣಪತ್ರ ಬರೆದುಕೊಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಚ್ಚಿನ ಬಣ್ಣದ ಮುದ್ರಣ ಬೆಳೆದಾಗ ಒಂದೇ ಚಿತ್ರವನ್ನು ಹಲವು ಬಣ್ಣಗಳಲ್ಲಿ ಅಚ್ಚು ಹಾಕಿ ದಾಟಿಸುವುದು ಸಾಧ್ಯವಾಯಿತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರು ಮಾಡಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆಗೆ ಬಂದದ್ದು ಇದೇ ಕಲ್ಲಚ್ಚಿನ ವಿದ್ಯೆಯಿಂದ. ಹಾಗಾಗಿ ದೇವರ ಪಟವೂ ಡೆಕಾಲೂ ದಾಯಾದಿಗಳು. ನೀರಿನ ಡೆಕಾಲಿನ ಮರ್ಮ ಸರಳ. ಕಾಗದದ ಮೇಲೆ ನೀರಿಗೆ ಕರಗುವ ಗಂಜಿಯಂಥ ಅಂಟು, ಅದರ ಮೇಲೆ ಅತಿ ತೆಳುವಾದ ಪಾರದರ್ಶಕ ಪೊರೆ, ಪೊರೆಯ ಮೇಲೆ ಚಿತ್ರ. ನೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟರೆ ಅಂಟು ಕರಗಿ ಪೊರೆ ಸಡಿಲವಾಗುತ್ತದೆ. ಬೆರಳಿನಿಂದ ಜಾರಿಸಿ ಬೇಕಾದಲ್ಲಿ ಕೂರಿಸಿ, ಅಡಿಯ ನೀರನ್ನು ಒತ್ತಿ ಹೊರಗೆ ತಳ್ಳಿದರೆ ಅಲ್ಲಿಯೇ ಹಿಡಿಯುತ್ತದೆ. ಈಗಿನ ವಿನೈಲ್ ಸ್ಟಿಕ್ಕರಿಗೂ ಇದಕ್ಕೂ ಇರುವ ದೊಡ್ಡ ಅಂತರ ದಪ್ಪದ್ದು. ಸ್ಟಿಕ್ಕರಿನ ಅಂಚು ಉಗುರಿಗೆ ಸಿಗುತ್ತದೆ. ಡೆಕಾಲಿನ ಅಂಚನ್ನು ಬಣ್ಣದ ಪದರದಲ್ಲಿ ಹೂತುಬಿಡಬಹುದು.

ಈ ವಸ್ತು ನಮ್ಮ ಕಡೆಗೆ ಬಂದದ್ದು ಹೊಲಿಗೆ ಯಂತ್ರದ ಬೆನ್ನೇರಿ. ಸಿಂಗರ್ ಕಂಪನಿಯ ಯಂತ್ರಗಳು 1870ರ ದಶಕದಿಂದ ಭಾರತದಲ್ಲಿ ಮಾರಾಟವಾಗುತ್ತಿದ್ದವು. 1930ರ ದಶಕದ ನಡುವೆ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ಸಂಸ್ಥೆ ಉಷಾ ಯಂತ್ರ ತಯಾರಿಸತೊಡಗಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ರೈಲು ಅಂದೂ ಇರಲಿಲ್ಲ, ಇಂದೂ ಇಲ್ಲ. ಇಂಥ ಸರಕಿಗೆ ಮುಖ್ಯವಾಗಿ ಎರಡು ದಾರಿ: ಕುಮಟೆಯ ಬಂದರಿನಿಂದ ದೇವಿಮನೆ ಘಟ್ಟ ಹತ್ತಿ ಬರಬೇಕು, ಇಲ್ಲವೇ ಹುಬ್ಬಳ್ಳಿಯಿಂದ ರಸ್ತೆ ಹಿಡಿದು ಬರಬೇಕು. ಕರಿ ಮಿರುಗಿನ ಆ ಯಂತ್ರದ ಮೈಮೇಲಿನ ಚಿನ್ನದ ಬಳ್ಳಿ, ಕಂಪನಿಯ ಹೆಸರು ಎಲ್ಲ ದಾಟಿಸಿದ ಚಿತ್ರಗಳೇ, ಮೇಲೆ ಪಾರದರ್ಶಕ ಅರಗಿನ ಹೊದಿಕೆ. ಹಳೆಯ ಯಂತ್ರ ಉಜ್ಜುವವರಿಗೆ ಇದರ ಪರಿಣಾಮ ಗೊತ್ತು: ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಚಿನ್ನ ಉಳಿಯುತ್ತದೆ, ಸ್ಪಿರಿಟ್ ಮುಟ್ಟಿಸಿದರೆ ಅರಗು ಕರಗಿ ಚಿತ್ರವೂ ಬಟ್ಟೆಗೆ ಬರುತ್ತದೆ. ಆಮೇಲೆ ಬಂದದ್ದು ಸೈಕಲ್. ಮದ್ರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೊ ಶುರುವಾದ ಮೇಲೆ ಹಳ್ಳಿಯ ಶಾಲೆಯ ಮಾಸ್ತರರ ಬಳಿಯೂ ಒಂದು ಸೈಕಲ್ ಇರುವ ಕಾಲ ಬಂತು. ಪ್ರತಿ ಸೈಕಲ್ಲಿನ ಕೊಳವೆಯ ಮೇಲೂ ಕಂಪನಿಯ ಮುದ್ರೆ ಡೆಕಾಲಾಗಿ ಕೂತಿತ್ತು.

ಅಂದರೆ ಹಸೆಯ ಗೋಡೆ ಗಟ್ಟಿಯಾಗಿ ನಿಂತಿದ್ದ ಕಾಲದಲ್ಲೇ ಡೆಕಾಲ್ ಊರಿನಲ್ಲಿತ್ತು. ಆದರೂ ಅದನ್ನು ಗೋಡೆಗೆ ಹಚ್ಚುವ ಯೋಚನೆ ಯಾರಿಗೂ ಬರಲಿಲ್ಲ, ಬಂದರೂ ಆಗುತ್ತಿರಲಿಲ್ಲ. ಡೆಕಾಲಿಗೆ ಬೇಕಾದದ್ದು ನೀರು ಕುಡಿಯದ, ಗಾಜಿನಷ್ಟು ನುಣುಪಾದ ಮೈ. ಒರಟು ಮೈಯ ಮೇಲೆ ಇಳಿಸಿದರೆ ಪೊರೆಯ ಅಡಿಯಲ್ಲಿ ಗಾಳಿಯ ಸಣ್ಣ ಸಣ್ಣ ಗುಳ್ಳೆ ಸಿಕ್ಕಿಕೊಂಡು ಬೂದು ಬೆಳ್ಳಿಯ ಮಬ್ಬು ಕಾಣುತ್ತದೆ. ಡೆಕಾಲ್ ಬಳಸುವ ಪೇಂಟರುಗಳು ಮ್ಯಾಟ್ ಬಣ್ಣದ ಮೇಲೆ ನೇರ ಇಳಿಸದೆ, ಮೊದಲು ಹೊಳಪಿನ ಕ್ಲಿಯರ್ ಹೊಡೆದು, ಒಣಗಿಸಿ, ಆಮೇಲೆ ಚಿತ್ರ ಇಡುವುದು ಈ ಕಾರಣಕ್ಕೇ. ಮಣ್ಣಿನ ಗೋಡೆಯಂತೂ ಪೊರೆ ಜಾರುವ ಮೊದಲೇ ನೀರನ್ನೆಲ್ಲ ಹೀರಿ ಚಿತ್ರವನ್ನು ಮುದ್ದೆ ಮಾಡುತ್ತದೆ. ನೀರು ಕುಡಿದರೇ ಹಸೆ, ನೀರು ಕುಡಿಯದಿದ್ದರೇ ಡೆಕಾಲ್. ಇವೆರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸಿದವು ಎನ್ನುವುದು ಗದ್ದೆಯ ಕಪ್ಪೆಯೂ ಮಾಡಿನ ಹಲ್ಲಿಯೂ ಒಂದೇ ಬಿಲಕ್ಕೆ ಜಗಳವಾಡಿದವು ಎಂದಷ್ಟೇ ನಿಜ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಹಾಗಿದ್ದರೆ ಇಂದು ಮನೆಯ ಹೊಸಿಲಿನಲ್ಲಿ, ದೇವರ ಕೋಣೆಯ ಬಾಗಿಲಿನಲ್ಲಿ ಕಾಣುವ ರಂಗೋಲಿ ಸ್ಟಿಕ್ಕರು, ಮದುವೆಯ ಚಪ್ಪರದಲ್ಲಿ ಕಾಣುವ ಅಚ್ಚಾದ ಹಸೆ, ಇವೆಲ್ಲ ಏನು? ಕೈಯ ಜಾಗವನ್ನು ಅಚ್ಚು ಕಿತ್ತುಕೊಂಡದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಸಾಕ್ಷಿ ನಿಜ, ತೀರ್ಪು ತಪ್ಪು. ಸೆಗಣಿ ಸಾರಿಸಿದ ಅಂಗಳದಲ್ಲಿ ಯಾವ ಸ್ಟಿಕ್ಕರೂ ಒಂದು ದಿನ ನಿಲ್ಲುವುದಿಲ್ಲ. ಅದು ಬಂದದ್ದು ನೆಲ ಮೊದಲು ಸಿಮೆಂಟಾಗಿ, ಆಮೇಲೆ ಟೈಲ್ಸಾಗಿ, ಗ್ರಾನೈಟಾದ ಮೇಲೆ. ಟೈಲ್ಸಿನ ಮೇಲೆ ಹಿಟ್ಟಿನ ರಂಗೋಲಿ ಗಾಳಿಗೆ ಹಾರುತ್ತದೆ, ಕಾಲಿಗೆ ಅಂಟುತ್ತದೆ. ಆ ನೆಲದಲ್ಲಿ ಕೈರಂಗೋಲಿ ಸೋತ ಮೇಲೆ ಖಾಲಿ ಬಿದ್ದ ಜಾಗಕ್ಕೆ ಸ್ಟಿಕ್ಕರು ಬಂದು ಕೂತಿತು. ಗೋಡೆಯ ಕತೆಯೂ ಇದೇ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಈ ಸೀಮೆಯ ಮನೆಗಳು ಮಣ್ಣಿನ ಗೋಡೆ ಕೆಡವಿ ಚಿರೆಕಲ್ಲು, ಸಿಮೆಂಟಿಗೆ ದಾಟಿದವು. ತಪ್ಪು ಅನ್ನುವಂತಿಲ್ಲ, ಪ್ರತಿ ಮಳೆಗಾಲ ಗೋಡೆ ಮೆತ್ತುವ ಬೆನ್ನುನೋವು ಯಾರದಿತ್ತೋ ಅವರನ್ನು ಕೇಳಬೇಕು. ಹೊಸ ಗೋಡೆಗೆ ಮೊದಲು ಸುಣ್ಣ, ಆಮೇಲೆ ಡಿಸ್ಟೆಂಪರ್, ಆಮೇಲೆ ಎಮಲ್ಷನ್. ಚಿತ್ತಾರ ಆಗ ಹಾರ್ಡ್‌ಬೋರ್ಡಿಗೆ, ಬಟ್ಟೆಗೆ, ಕೈಕಾಗದಕ್ಕೆ ವಲಸೆ ಹೋಯಿತು. ಕಾಗದ, ಬಟ್ಟೆ ಎರಡೂ ನೀರು ಕುಡಿಯುವ ಮೈಗಳು ಎಂಬುದು ಆಕಸ್ಮಿಕವಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮದ್ದು: ಮೈಯ ಮಾತೆಲ್ಲ ಸರಿ, ಆದರೆ ನಿಜವಾಗಿ ಕಡಿಮೆಯಾದದ್ದು ಹೆಣ್ಣುಮಕ್ಕಳ ಬಿಡುವು, ಸಾಲುಮನೆಯ ಒಟ್ಟುಗೂಡುವಿಕೆ. ಶಾಲೆ, ಕೆಲಸ, ಪೇಟೆ ಎಂದು ಬದುಕು ಚದುರಿದ ಮೇಲೆ ದಿನಗಟ್ಟಲೆ ಗೋಡೆಯ ಮುಂದೆ ಕೂರುವವರು ಯಾರು? ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮದುವೆ ಮನೆಯಂಗಳದಿಂದ ಕಲ್ಯಾಣ ಮಂಟಪಕ್ಕೆ ಹೋದದ್ದಂತೂ ಹಸೆಗೆ ದೊಡ್ಡ ಪೆಟ್ಟು, ಬಾಡಿಗೆಗೆ ಪಡೆದ ಗೋಡೆಗೆ ಕೆಮ್ಮಣ್ಣು ಬಳಿಯಲು ಯಾರು ಬಿಡುತ್ತಾರೆ. ಆದರೆ ಬಿಡುವೇ ಮುಖ್ಯ ಕಾರಣವಾಗಿದ್ದರೆ ಭೂಮಣ್ಣಿ ಬುಟ್ಟಿಯೂ ಹಸೆಯ ಜೊತೆಗೇ ಹೋಗಬೇಕಿತ್ತು. ಆಶ್ವಯುಜದ ಭೂಮಿ ಹುಣ್ಣಿಮೆಗೆ ದೀವರು ಬಿದಿರಿನ ಬುಟ್ಟಿಗೆ ಸೆಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಬರೆದು, ಬಸುರಿ ಪೈರಿಗೆ ಉಣಿಸುವ ಅಡುಗೆಯನ್ನು ಅದರಲ್ಲಿ ಹೊತ್ತು ಗದ್ದೆಗೆ ಹೋಗುತ್ತಾರೆ. ಬರೆಯುವವರು ಅದೇ ಹೆಂಗಸರು. ಅವರ ಬಿಡುವೂ ಅಷ್ಟೇ, ಚಿತ್ತಾರವೂ ಅದೇ ಬಗೆಯದು. ಅಲ್ಲಲ್ಲಿ ಅಂಗಡಿಯ ಬಣ್ಣ ಬಂದಿರಬಹುದು, ಆದರೆ ಬುಟ್ಟಿಯ ಮೇಲಿನ ಎಳೆ ಇಂದಿಗೂ ಕೈಯದೇ. ಬಿದಿರು, ಸೆಗಣಿ, ಕೆಮ್ಮಣ್ಣು ಎಂಬ ಮೈ ಅಲ್ಲಿ ಬದಲಾಗಿಲ್ಲ, ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡುವ ಸಂದರ್ಭವೂ ತಪ್ಪಿಲ್ಲ. ಮೈ ಉಳಿದಲ್ಲಿ ಕೈಯೂ ಉಳಿದಿದೆ.

ಈಗ ಲೋಹದ ಮೈಗೆ ಮರಳೋಣ. ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಊದುವ ಏರ್‌ಬ್ರಶ್ ಅಮೆರಿಕದ್ದು. ಚಾರ್ಲ್ಸ್ ಬರ್ಡಿಕ್ ರೂಪಿಸಿದ ಈಗಿನ ಮಾದರಿಯ ಏರ್‌ಬ್ರಶ್ 1893ರ ಷಿಕಾಗೊ ಮೇಳದಲ್ಲಿ ಪ್ರದರ್ಶನಗೊಂಡಿತು.  ಫೋಟೊ ತಿದ್ದಲು ಹೆಸರಾದ ಈ ಸಾಧನ ಮುಂದೆ ಕಾರು, ಬೈಕುಗಳ ಮೈಗೆ ಇಳಿಯಿತು. ಕರ್ನಾಟಕದಲ್ಲಿ ಬೈಕಿನ ಟ್ಯಾಂಕನ್ನು ಅಲಂಕಾರದ ಜಾಗವಾಗಿ ಕಲಿಸಿದ್ದು ಬಹುಶಃ ಮೈಸೂರಿನ ಐಡಿಯಲ್ ಜಾವಾ. 1961ರಿಂದ 1996ರವರೆಗೆ ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳ ಟ್ಯಾಂಕಿನ ಬಾಗು, ಬಣ್ಣದ ಅಂಚಿಗೆ ಎಳೆದ ತೆಳು ಗೆರೆ ಮಲೆನಾಡಿನ ರಸ್ತೆಗಳಲ್ಲಿ ಒಂದು ತಲೆಮಾರಿನ ಕಣ್ಣನ್ನು ತಿದ್ದಿವೆ. ಚೆನ್ನೈಯಲ್ಲಿ ತಯಾರಾಗುವ ಬುಲೆಟ್ಟಿನ ಟ್ಯಾಂಕಿಗೆ ಚಿನ್ನದ ಗೆರೆಯನ್ನು ಕುಂಚದಿಂದಲೇ ಎಳೆಯುವ ಕುಶಲಿಗಳು ಕಾರ್ಖಾನೆಯೊಳಗೇ ಇದ್ದರು. ಯಂತ್ರಗಳ ನಡುವೆಯೂ ಕೈಗೆಲಸ ನಡೆಯುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ಲೋಹದ ಮೇಲೆ ಕೈಗೆರೆ, ಊದಿದ ಬಣ್ಣ, ದಾಟಿಸಿದ ಚಿತ್ರ ಮೂರಕ್ಕೂ ಎಡೆಯಿದೆ.

ಏರ್‌ಬ್ರಶ್ ಕೆಲಸದಲ್ಲಿ ಡೆಕಾಲ್ ಬಳಸುವುದು ಮೋಸ ಎನ್ನುವವರಿದ್ದಾರೆ. ಚಿತ್ರವೆಲ್ಲ ಕೈಯಿಂದ ಬಂದರೇ ಕಲೆ, ನಡುವೆ ಅಚ್ಚು ನುಸುಳಿದರೆ ಕಲಬೆರಕೆ ಎಂಬ ನಿಲುವು ಅದು. ಕೆಲಸದ ಹಂತಗಳನ್ನು ನೋಡಿದರೆ ಈ ಮಾತು ಸಡಿಲವಾಗುತ್ತದೆ. ಏರ್‌ಬ್ರಶ್ಶಿಗೆ ಸಹಜವಾದದ್ದು ಮೆಲ್ಲಗೆ ಕರಗುವ ನೆರಳು: ಹೊಗೆ, ಮೋಡ, ಹುಲಿಯ ಮುಖದ ತಿರುವು. ಅದಕ್ಕೆ ಕಷ್ಟವಾದದ್ದು ಹರಿತ ಅಂಚಿನ ಪುಟ್ಟ ಅಕ್ಷರ, ಒಂದೇ ಥರ ಹತ್ತು ಸಲ ಬರಬೇಕಾದ ಮುದ್ರೆ. ಮಂಜಿನಂತೆ ಹರಡುವ ಬಣ್ಣದಲ್ಲಿ ಅಕ್ಕಿಕಾಳಿನಷ್ಟು ಅಕ್ಷರ ಬರೆಯಲು ಕತ್ತರಿಸಿದ ಮಾಸ್ಕೂ ಕೈಕೊಡುತ್ತದೆ. ಅಲ್ಲಿ ಡೆಕಾಲ್ ಬರುತ್ತದೆ. ಅದನ್ನು ಇಳಿಸುವುದು ಐದು ನಿಮಿಷದ ಕೆಲಸ, ಅಡಗಿಸುವುದು ದಿನಗಳ ಕೆಲಸ. ಒಣಗಲು ಒಂದು ರಾತ್ರಿ ಬಿಡಬೇಕು. ಮೊದಲ ಕ್ಲಿಯರ್ ತೀರ ತೆಳುವಾಗಿ, ಇಬ್ಬನಿಯಷ್ಟೇ ಕೂರಬೇಕು. ಆತುರಕ್ಕೆ ಒದ್ದೆಯಾಗಿ ಹೊಡೆದರೆ ಥಿನ್ನರ್ ಪೊರೆಯನ್ನು ತಿಂದು ಸುಕ್ಕು ಮಾಡುತ್ತದೆ. ಆಮೇಲೆ ಪದರದ ಮೇಲೆ ಪದರ, ನಡುವೆ ವಾಟರ್ ಪೇಪರಿನಲ್ಲಿ ಉಜ್ಜುವುದು, ಅಂಚಿನ ಮೆಟ್ಟಿಲು ಬೆರಳಿಗೆ ಸಿಗದವರೆಗೆ. ಘಟ್ಟದ ಮೇಲೆ ಇನ್ನೊಂದು ತೊಡಕು ಮಳೆಗಾಲ. ತೇವ ತುಂಬಿದ ಗಾಳಿಯಲ್ಲಿ ಲ್ಯಾಕರ್ ಹೊಡೆದರೆ ಥಿನ್ನರ್ ಆರುವಾಗಿನ ತಂಪಿಗೆ ನೀರು ಕಟ್ಟಿ ಹೊಳಪು ಹಾಲಿನಂತೆ ಬೆಳ್ಳಗಾಗುತ್ತದೆ. ಬೇಗಡೆಯವನ ಜಾಣತನ ಅಂಚಿನಲ್ಲಿತ್ತು ಅಂದೆನಲ್ಲ, ಇವನದೂ ಅಲ್ಲಿಯೇ.

ಡೆಕಾಲಿನ ಮೇಲೆ ಹೊರಿಸಬಹುದಾದ ನಿಜವಾದ ಆರೋಪ ಬೇರೆ, ಅದನ್ನು ಮರೆಸುವುದು ಸರಿಯಲ್ಲ. ಅದು ಕೈಯನ್ನು ಕಿತ್ತುಕೊಳ್ಳಲಿಲ್ಲ, ಚಿತ್ರ ಯಾವುದಿರಬೇಕು ಎಂಬ ಆಯ್ಕೆಯನ್ನು ಕಿತ್ತುಕೊಂಡಿತು. ಸಿಂಗರ್ ಯಂತ್ರಗಳ ಒಂದು ಪ್ರಸಿದ್ಧ ಅಲಂಕಾರ ಈಜಿಪ್ಟಿನ ಸ್ಫಿಂಕ್ಸ್. ಮನುಷ್ಯನ ಮುಖ, ಸಿಂಹದ ಮೈ. ಅದರ ಎದುರು ದಿನವಿಡೀ ಕೂತು ರವಿಕೆ ಹೊಲಿದ ದರ್ಜಿಗೆ ಆ ಪ್ರಾಣಿ ಯಾವುದೆಂದು ಯಾರೂ ಹೇಳಿರಲಿಲ್ಲ, ಅದು ಅಲ್ಲಿರಲಿ ಎಂದು ಅವನೂ ಕೇಳಿರಲಿಲ್ಲ. ಹಸೆ ಬರೆಯುವವಳೂ ಕಲ್ಪನೆಯಿಂದ ಹೊಸತನ್ನು ಹುಟ್ಟಿಸುತ್ತಿರಲಿಲ್ಲ, ತಾಯಿ, ಅತ್ತೆ ಬರೆದ ಎಳೆಗಳನ್ನೇ ಬರೆಯುತ್ತಿದ್ದಳು ನಿಜ. ಆದರೆ ಯಾವ ಎಳೆ ಈ ಗೋಡೆಗೆ, ಎಷ್ಟು ಚೌಕ ಈ ಮದುವೆಗೆ ಎಂಬುದನ್ನು ತೀರ್ಮಾನಿಸುವವಳು ಅವಳೇ. ಕಲ್ಲಚ್ಚಿನ ಕಾಲದಲ್ಲಿ ಡೆಕಾಲ್ ಮಾಡಿಸಬೇಕಿದ್ದರೆ ಸಾವಿರಗಟ್ಟಲೆ ಮಾಡಿಸಬೇಕು, ಅಷ್ಟು ದುಡ್ಡಿದ್ದದ್ದು ಕಂಪನಿಗಳ ಬಳಿ ಮಾತ್ರ. ಹಾಗಾಗಿ ಒಂದು ಶತಮಾನ ಕಾಲ ದಾಟಿಸಿದ ಚಿತ್ರವೆಂದರೆ ಕಂಪನಿಯ ಚಿತ್ರ ಎಂದೇ ಆಯಿತು. ಈ ಕಟ್ಟು ಸಡಿಲವಾದದ್ದು ಕಂಪ್ಯೂಟರ್ ಪ್ರಿಂಟರಿನಿಂದ. ಡೆಕಾಲ್ ಕಾಗದ ಹಾಳೆಯ ಲೆಕ್ಕದಲ್ಲಿ ಸಿಗುತ್ತದೆ. ಲೇಸರ್ ಪ್ರಿಂಟರಿನಲ್ಲಿ ತೆಗೆದದ್ದನ್ನು ಹಾಗೆಯೇ ನೀರಿಗೆ ಹಾಕಬಹುದು, ಇಂಕ್‌ಜೆಟ್ಟಿನದಾದರೆ ಮೊದಲು ಅಕ್ರಿಲಿಕ್ ಸ್ಪ್ರೇ ಹೊಡೆದು ಶಾಯಿ ಕದಡದಂತೆ ಮುಚ್ಚಬೇಕು. ಒಂದೇ ಒಂದು ಪ್ರತಿ ಬೇಕಾದರೂ ಆದೀತು. ಯಾವ ಚಿತ್ರ ಎಂಬ ತೀರ್ಮಾನ ಊರಿಗೆ ಮರಳಿ ಬರಬಹುದಾದ ದಾರಿ ಇದು.

ಬರುವುದಾದರೆ ಮೊದಲ ಪರೀಕ್ಷೆಗೆ ಹಸೆಗಿಂತ ಕಠಿಣ ಚಿತ್ರ ಸಿಗದು. ಹಸೆಯೆಂದರೆ ಕೆಂಪಿನ ಮೇಲೆ ಬಿಳಿ ಎಳೆ. ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇಲ್ಲ. ಅದರ ಲೆಕ್ಕದಲ್ಲಿ ಬಿಳಿಯೆಂದರೆ ಏನೂ ಅಚ್ಚಾಗದ ಜಾಗ. ಪಾರದರ್ಶಕ ಪೊರೆಯ ಮೇಲೆ ತೆಗೆದ ಬಿಳಿ ಎಳೆ ಕೆಂಪು ಟ್ಯಾಂಕಿನ ಮೇಲೆ ಕಾಣಿಸುವುದೇ ಇಲ್ಲ. ಬಿಳಿಯನ್ನೂ ಲೋಹದ ಬಣ್ಣಗಳನ್ನೂ ಅಚ್ಚು ಹಾಕುತ್ತಿದ್ದ ಆಲ್ಪ್ಸ್ ಕಂಪನಿಯ ಪ್ರಿಂಟರುಗಳನ್ನು ಡೆಕಾಲ್ ಮಾಡುವವರು ಜತನದಿಂದ ಇಟ್ಟುಕೊಂಡದ್ದು ಇದಕ್ಕೇ, ಅವುಗಳ ಉತ್ಪಾದನೆ ನಿಂತು ಬಹಳ ಕಾಲವಾಯಿತು. ಬಿಳಿ ಪೊರೆಯ ಕಾಗದ ಇದೆ, ಆದರೆ ಅದರಲ್ಲಿ ಪ್ರತಿ ಎಳೆಯನ್ನೂ ಅಂಚಿನುದ್ದಕ್ಕೂ ಬ್ಲೇಡಿನಿಂದ ಕತ್ತರಿಸಬೇಕು. ನೂರಾರು ಎಳೆಯ ಚಿತ್ತಾರವನ್ನು ಹಾಗೆ ಕತ್ತರಿಸುವುದಕ್ಕಿಂತ ಕೈಯಲ್ಲಿ ಬರೆಯುವುದೇ ಬೇಗ. ಉಳಿದ ಉಪಾಯವನ್ನು ಕಾವಿಯವರು ಮೊದಲೇ ಕಂಡುಕೊಂಡಿದ್ದರು: ಬಿಳಿಯನ್ನು ಮೇಲೆ ಇಡಬೇಡ, ಅಡಿಯಲ್ಲಿ ಇಡು. ಟ್ಯಾಂಕಿನ ಆ ಭಾಗಕ್ಕೆ ಬಿಳಿ ಬಣ್ಣ ಹೊಡೆದು, ಹೊಳಪಿನ ಕ್ಲಿಯರ್ ಹಾಕಿ, ಎಳೆಗಳ ಜಾಗವನ್ನು ಖಾಲಿ ಬಿಟ್ಟು ಬರೀ ಕೆಂಪು ನೆಲವನ್ನಷ್ಟೇ ಅಚ್ಚು ಹಾಕಿದ ಡೆಕಾಲನ್ನು ಮೇಲೆ ಇಳಿಸಿದರೆ ಎಳೆಗಳ ಮೂಲಕ ಅಡಿಯ ಬಿಳಿ ಕಾಣುತ್ತದೆ. ಆದರೆ ಪ್ರಿಂಟರಿನ ಕೆಂಪು ಪಾರದರ್ಶಕ, ಕೆಮ್ಮಣ್ಣಿನ ಗಾಂಭೀರ್ಯ ಅದಕ್ಕಿಲ್ಲ. ಡೆಕಾಲ್ ಮುಗಿದು ಊದಿದ ಬಣ್ಣ ಶುರುವಾಗುವಲ್ಲಿ ಎರಡು ಕೆಂಪುಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಆ ಗಡಿಯನ್ನು ಕರಗಿಸಲು ಏರ್‌ಬ್ರಶ್ಶೇ ಬೇಕು: ಕಂದು ಬೆರೆಸಿದ ಕೆಂಪನ್ನು ತೀರ ತೆಳುವಾಗಿ, ಹೊರಗಿನಿಂದ ಒಳಗೆ, ಎಳೆಯ ಬಿಳಿಯನ್ನು ಮುಟ್ಟದ ಹಾಗೆ ಊದುತ್ತ ಬರಬೇಕು.